ಎರಡು ಅಚ್ಚು ಕಮ್ಮಿ

ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಕಾಲೇಜಿನಿಂದ ಫೋನು ಬಂದಾಗ ಮೊದಲು ಮೂಗಿಗೆ ಬಡಿದದ್ದು ಬೆಲ್ಲದ ವಾಸನೆ. ಪತ್ರಿಕೋದ್ಯಮ ಓದಲು ಮಂಡ್ಯಕ್ಕೆ ಬಂದವನಿಗೆ ಮೂರು ವರ್ಷದ ಪಾಠಗಳು ಮಸುಕಾಗಿ, ಆಲೆಮನೆಯ ಒಂದು ರಾತ್ರಿ ಉಳಿದುಕೊಂಡಿದೆ. ಮೇಷ್ಟ್ರುಗಳು ಕ್ಷಮಿಸಬೇಕು.

2012, ಕೊನೆಯ ವರ್ಷ. ಸಿನಿಮಾ ಒಂದರ ಮೊದಲ ಎರಡು ನಿಮಿಷ ಮಾತ್ರ ತೆಗೆದು ತೋರಿಸಿ, ಪೂರ್ತಿ ಕಥೆ ಬೇಡ ಎಂದರು ಮೇಷ್ಟ್ರು. ನನಗೆ ಆಗ ಫಿಲ್ಮ್ ನ್ವಾರ್ ಹುಚ್ಚು. 1940ರ ದಶಕದ ಹಾಲಿವುಡ್ಡಿನ ಆ ಕಪ್ಪು ಬಿಳುಪು ಅಪರಾಧ ಚಿತ್ರಗಳಿಗೆ ಆ ಹೆಸರು ಹೊಂದಿಸಿದ್ದು 1946ರಲ್ಲಿ ನೀನೋ ಫ್ರಾಂಕ್ ಎಂಬ ಫ್ರೆಂಚ್ ವಿಮರ್ಶಕ. ನ್ವಾರ್ ಅಂದರೆ ಕಪ್ಪು, ಅಷ್ಟೇ. ಹಿಟ್ಲರನ ಕಾಟಕ್ಕೆ ಬರ್ಲಿನ್ ಬಿಟ್ಟು ಓಡಿಹೋದ ಬಿಲ್ಲಿ ವೈಲ್ಡರ್, ಫ್ರಿಟ್ಜ್ ಲಾಂಗ್ ಅಂಥವರು ಜರ್ಮನ್ ಚಿತ್ರಗಳ ನೆರಳಿನಾಟವನ್ನೂ ಜೊತೆಗೆ ಒಯ್ದಿದ್ದರು. ಇದನ್ನೆಲ್ಲ ನಾನು ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಿ ತಲೆ ತಿನ್ನುತ್ತಿದ್ದೆ.

ಆ ಚಿತ್ರಗಳಲ್ಲಿ ಕಿಟಕಿಯ ಅಡ್ಡಪಟ್ಟಿಗಳ ನೆರಳು ನಾಯಕನ ಮುಖದ ಮೇಲೆ ಜೈಲಿನ ಕಂಬಿಯ ಹಾಗೆ ಬೀಳುತ್ತದಲ್ಲ, ಅದು ಬೇಕೇ ಬೇಕು ಅನ್ನಿಸಿತು. ಅಂಥ ಪರದೆ ನಮ್ಮ ಹಾಸ್ಟೆಲಿನಲ್ಲಿ ಎಲ್ಲಿಂದ ಬರಬೇಕು? ಬಚ್ಚಲಮನೆಯ ಕಿಟಕಿಗೆ ಗಾಜಿನ ಪಟ್ಟಿಗಳಿದ್ದವು. ಆಚೆಯಿಂದ ಟಾರ್ಚ್ ಬಿಟ್ಟೆವು. ನೆರಳೇ ಇಲ್ಲ! ಗಾಜಿನೊಳಗೆ ಬೆಳಕು ಹಾಯುತ್ತದೆ ಎಂಬುದು ನಾಲ್ಕು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕೊನೆಗೆ ಹಳೇ ಪೇಪರನ್ನು ಗಂಜಿಯಲ್ಲಿ ಅಂಟಿಸಿದ ಮೇಲೆ ಪಟ್ಟೆಗಳು ಬಿದ್ದವು. ಪತ್ತೇದಾರನ ಪಾತ್ರದ ಹುಡುಗ ಮೈಸೂರಿನಿಂದ ಬಾಡಿಗೆಗೆ ತಂದ ನಾಟಕದ ಉದ್ದ ಕೋಟು, ಹ್ಯಾಟು ತೊಟ್ಟು ನಿಂತ. ನೋಡಿದರೆ ಸ್ಕೂಲ್ ಡೇ ವೇಷ. ಅಳಿಸಿ ಹಾಕಿದೆವು.

ತಂಡದಲ್ಲಿದ್ದ ಒಬ್ಬಳೇ ಹುಡುಗಿಯ ದೊಡ್ಡಪ್ಪನದು ಆಲೆಮನೆ. ಅಲ್ಲಿ ಹೊಗೆ, ಕತ್ತಲು ಎಲ್ಲ ಪುಕ್ಕಟೆ ಸಿಗುತ್ತದೆ ಅಂದಳು. ಮದುವೆ ಫೋಟೋದವರ ಹತ್ತಿರ ಕ್ಯಾಮೆರಾ ಬಾಡಿಗೆಗೆ ಹಿಡಿದು ರಾತ್ರಿ ಹೋದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಒಬ್ಬರು ಒಲೆಬಾಯಿಗೆ ಒಣಸಿಪ್ಪೆ ನೂಕುತ್ತಿದ್ದರು. ಒಲೆಯ ಬೆಳಕಲ್ಲಿ ಮುಖ ಹಿಡಿದರೆ ಎಲ್ಲರೂ ದೆವ್ವದ ಹಾಗೆ ಕಂಡರು. ಕೆಳಗಿನಿಂದ ಬೀಳುವ ಬೆಳಕಿನ ಗುಣವೇ ಅದು. ಇದ್ದ ಒಂದೇ ಬಲ್ಬನ್ನು ಕೊಪ್ಪರಿಗೆಯ ಹಿಂದಕ್ಕೆ ಕಟ್ಟಿದ್ದೇ ತಡ, ಅಲ್ಲಿಯವರೆಗೆ ಕಾಣದಿದ್ದ ಆವಿ ಬೆಳ್ಳಗೆ ಗೋಡೆಯಂತೆ ಎದ್ದು ನಿಂತಿತು. ನ್ವಾರ್ ಚಿತ್ರಗಳಲ್ಲೂ ಗುಟ್ಟು ಇಷ್ಟೇ: ಮುಖದ ನೆರಳನ್ನು ತಿಳಿಮಾಡುವ ಎರಡನೇ ದೀಪವನ್ನು ಆರಿಸಿಬಿಡುವುದು. ನಮ್ಮ ಹತ್ತಿರ ಎರಡನೇ ದೀಪವೇ ಇರಲಿಲ್ಲ.

ಆ ಸೆಕೆಯಲ್ಲಿ ಕೋಟಿನವನು ನೀರಿಳಿದುಹೋದ. "ಯಾರ್ಲಾ ಅವ್ನು, ಮಳೆ ಇಲ್ದಿದ್ರೂವೆ ಕೋಟು ತಗಲಾಕ್ಕಂಡು ನಿಂತವ್ನೆ?" ಎಂದು ಸಿಪ್ಪೆ ನೂಕುವವರು ನಕ್ಕರು. ಅಷ್ಟರಲ್ಲಿ ನನ್ನ ಸಹಪಾಠಿಯೂ ತಕರಾರು ತೆಗೆದಳು. ಅವಳ ಪಾತ್ರ ಗಂಡಸನ್ನು ಕೆಡಿಸುವ ಮಾಯಾಂಗನೆ. ತಿರುಗಿ ನೋಡಬೇಕು, ಅರೆನಗು ಬೀರಬೇಕು. "ನಿನ್ ಪಿಚ್ಚರಲ್ಲಿ ನಾನ್ ಮಾತಾಡೋದು ಯಾವಾಗ?" ಅಂದಳು. 1944ರ 'ಡಬಲ್ ಇಂಡೆಮ್ನಿಟಿ'ಯಲ್ಲಿ ಗುಂಡೇಟು ತಿಂದ ವಿಮೆ ಮಾರುವವನು ಆಫೀಸಿನ ಡಿಕ್ಟಾಫೋನಿಗೆ, ಅಂದರೆ ಮಾತು ಮುದ್ರಿಸಿಕೊಳ್ಳುವ ಯಂತ್ರಕ್ಕೆ, ತಪ್ಪೊಪ್ಪಿಗೆ ಹೇಳುತ್ತಾನೆ. ಆ ಹೆಂಗಸಿನ ಕಥೆಯನ್ನೂ ನಾವು ಅವನ ಬಾಯಲ್ಲೇ ಕೇಳಬೇಕು ಎಂದು ವಿವರಿಸಲು ಹೋದೆ. "ಅದಕ್ಕೇ ಕೇಳ್ತಿರೋದು," ಅಂದಳು.

ದೊಡ್ಡಪ್ಪನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳೇ ಬರೆದಳು: "ಆವತ್ತು ರಾತ್ರಿ ಬೆಲ್ಲ ಎಣಿಸಿದಾಗ ಎರಡು ಅಚ್ಚು ಕಮ್ಮಿ ಇತ್ತು. ಕದ್ದೋರು ಯಾರು ಅಂತ ನಂಗೆ ಗೊತ್ತಿತ್ತು. ಯಾರೂ ನನ್ನ ಕೇಳಲಿಲ್ಲ." ನನಗೆ ಸಿಟ್ಟು ಬಂತು, ಯಾಕೆಂದರೆ ನಾನು ಬರೆದ ಎರಡು ಪುಟಕ್ಕಿಂತ ಅದು ಚೆನ್ನಾಗಿತ್ತು. ಬೆಲ್ಲದ ಅಚ್ಚುಗಳ ಮಧ್ಯೆ ಕೂತು ಲೆಕ್ಕ ಬರೆಯುವವಳು ಅವಳಾದಳು. ಪತ್ತೇದಾರ ಆವಿಯಾಚೆ ಟಾರ್ಚ್ ಹಿಡಿದು ತಡಕಾಡುವ ಬೆರಳುದ್ದದ ಆಕೃತಿಯಾದ. ಕೋಟು ಗೂಟ ಸೇರಿತು.

ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನ ಹಾಡುಹಗಲಲ್ಲಿ. ಒಂದು ಕಿಟಕಿಗೂ ಪರದೆ ಇರಲಿಲ್ಲ. ನಮ್ಮ ಕಷ್ಟದ ಕತ್ತಲೆಲ್ಲ ತೆರೆಯ ಮೇಲೆ ಬೂದಿ ಬಳಿದಂತಾಗಿ ಯಾರ ಮೂತಿಯೂ ಕಾಣಲಿಲ್ಲ. ಅವಳ ದನಿ ಮಾತ್ರ ಕೊನೇ ಬೆಂಚಿನವರೆಗೂ ಕೇಳಿತು. ಮುಗಿದ ಮೇಲೆ ಎಲ್ಲರೂ ಕೇಳಿದ್ದು, ಕದ್ದೋರು ಯಾರು ಅಂತ. ಅವಳು ಈವರೆಗೂ ಹೇಳಿಲ್ಲ.

ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಆಲೆಮನೆಯವರಿಗೂ ತೋರಿಸಿದೆವು. ರಾತ್ರಿಯಾದ್ದರಿಂದ ಅಲ್ಲಿ ಚೆನ್ನಾಗಿ ಕಂಡಿತು. ಪಾಕ ನೋಡುವ ಅಜ್ಜ ಮಾತ್ರ ತೆರೆಯನ್ನೇ ನೋಡದೆ ತಲೆಬಗ್ಗಿಸಿ ಕೇಳುತ್ತಿದ್ದರು. ಎರಡು ನಿಮಿಷ ಮುಗಿಯುವ ಮೊದಲೇ ಎದ್ದರು: "ಸದ್ದು ಕೇಳುದ್ರೆ ಗೊತ್ತಾಯ್ತದೆ ಕಣಪ್ಪ, ಪಾಕ ಮೀರೋಯ್ತಾ ಅದೆ. ಆವತ್ತು ನಿಮ್ಮ ಗಲಾಟೇಲಿ ಇಳಿಸಕ್ಕೆ ಬುಡ್ನಿಲ್ಲ ನೀವು."