ಐದನೇ ವಾರಕ್ಕೆ ಸಿಕ್ಕ ಹೆಸರು

ನವೆಂಬರ್ 16, 2024, ಶನಿವಾರ
ಫೀನಿಕ್ಸ್, ಅರಿಝೋನಾ

ನನ್ನ ಕೆಮ್ಮಿಗೆ ನಿನ್ನೆ ಸಂಜೆ ಒಂದು ಹೆಸರು ಸಿಕ್ಕಿತು. ವ್ಯಾಲಿ ಫೀವರ್, ಮಣ್ಣಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ. ರಕ್ತ ಪರೀಕ್ಷೆಯ ವರದಿ ನೋಡಿ ಮೊದಲು ಅಳು ಬಂತು. ಆಮೇಲೆ ಸಮಾಧಾನವೂ ಆಯಿತು.

ಸೆಪ್ಟೆಂಬರ್ ಕೊನೆಯಲ್ಲಿ ನಿಂಬೆ ಗಿಡ ನೆಡೋಣ ಅಂತ ಹಿತ್ತಲಲ್ಲಿ ಗುಂಡಿ ತೋಡಿದ್ದೆ. ಮಣ್ಣು ಒಣಗಿ ಹುಡಿಯಾಗಿತ್ತು, ಗಾಳಿಯೂ ಜೋರಾಗಿತ್ತು. ಎರಡು ವಾರಕ್ಕೆ ಜ್ವರ, ಕೆಮ್ಮು ಶುರು. ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು. ಮಂಡಿ ನೋವು. ಮೊಣಕಾಲ ಕೆಳಗೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು. ಸುಸ್ತು ಎಷ್ಟೆಂದರೆ, ಸ್ನಾನ ಮಾಡಿ ಬಂದು ಅರ್ಧ ಗಂಟೆ ಮಲಗಬೇಕಿತ್ತು.

ಎಕ್ಸ್‌ರೇ ನೋಡಿದ ಡಾಕ್ಟರು ನ್ಯುಮೋನಿಯಾ ಅಂದರು. ಎರಡು ಸಲ ಆಂಟಿಬಯಾಟಿಕ್ ಕೊಟ್ಟರು. ಅದು ಬ್ಯಾಕ್ಟೀರಿಯಾಕ್ಕೆ ಕೊಡುವ ಮದ್ದು. ನನ್ನೊಳಗೆ ಇದ್ದದ್ದು ಶಿಲೀಂಧ್ರ, ಬೂಷ್ಟಿನ ಜಾತಿಯದು.

ಪಕ್ಕದ ಮನೆಯವರು ತಮ್ಮ ನಾಯಿಗೂ ಹೀಗೇ ಕೆಮ್ಮು ಬಂದಿತ್ತು, ಅದು ವ್ಯಾಲಿ ಫೀವರ್ ಆಗಿತ್ತು ಅಂದಾಗಲೇ ನಾನು ಆ ಪರೀಕ್ಷೆ ಕೇಳಿದ್ದು. ಇದಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ಅಮೆರಿಕದಲ್ಲಿ ವರದಿಯಾಗುವ ವ್ಯಾಲಿ ಫೀವರ್‌ನಲ್ಲಿ ಬಹುಪಾಲು ಅರಿಝೋನಾ, ಕ್ಯಾಲಿಫೋರ್ನಿಯಾದ್ದೇ. ಇಲ್ಲಿ ಕೆಮ್ಮಿಕೊಂಡು ಬಂದವರಿಗೆ ಮೊದಲೇ ಈ ಪರೀಕ್ಷೆ ಮಾಡಬಹುದಿತ್ತು ಅಲ್ವಾ?

ರಾತ್ರಿ ನಿದ್ದೆ ಬರದೆ ಓದುತ್ತಾ ಕೂತೆ. ಕಾಕ್ಸಿಡಿಯಾಯ್ಡಿಸ್ ಅಂತ ಈ ಶಿಲೀಂಧ್ರದ ಹೆಸರು. ಮಳೆಯಾದಾಗ ಮಣ್ಣೊಳಗೆ ಎಳೆಎಳೆಯಾಗಿ ಬೆಳೆಯುತ್ತದೆ. ನೆಲ ಒಣಗಿದ ಮೇಲೆ ಆ ಎಳೆಗಳು ತುಂಡಾಗಿ ಬೀಜಕಣಗಳಾಗುತ್ತವೆ. ಒಂದೊಂದೂ 3ರಿಂದ 5 ಮೈಕ್ರಾನ್, ಕಣ್ಣಿಗೆ ಕಾಣುವ ಮಾತೇ ಇಲ್ಲ. ಉಸಿರಿನ ಜೊತೆ ಒಳಗೆ ಹೋದ ಕಣ ಶ್ವಾಸಕೋಶದಲ್ಲಿ ದುಂಡಗೆ ಊದಿಕೊಳ್ಳುತ್ತದೆ. ಅದರ ಹೊಟ್ಟೆ ತುಂಬಾ ಮರಿಕಣಗಳು. ಒಡೆದರೆ ಒಂದೊಂದು ಮರಿಯೂ ಮತ್ತೆ ಊದುತ್ತದೆ. 1994ರಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್ ಭೂಕಂಪದಲ್ಲಿ ಗುಡ್ಡ ಜರಿದು ಎದ್ದ ಧೂಳಿನಿಂದ ವೆಂಚುರಾ ಕೌಂಟಿಯಲ್ಲಿ 203 ಜನರಿಗೆ ಈ ಕಾಯಿಲೆ ಬಂದಿತ್ತು. ಮೂವರು ತೀರಿಕೊಂಡರು.

ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ದರು.

"ಮಕ್ಕಳಿಗೆ ಅಂಟುತ್ತೇನೇ?"

"ಇಲ್ಲಮ್ಮ, ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಮಣ್ಣಿಂದಲೇ ಬರಬೇಕು."

ಅವರಿಗೆ ಉಸಿರು ಬಂದ ಹಾಗಾಯಿತು. ನನಗೂ.

ಸುಮಾರು ಜನಕ್ಕೆ ಇದು ಬಂದದ್ದೇ ಗೊತ್ತಾಗುವುದಿಲ್ಲವಂತೆ, ಮದ್ದಿಲ್ಲದೆ ವಾಸಿಯಾಗುತ್ತದೆ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಡಾಕ್ಟರು ಕಾಯಲಿಲ್ಲ, ಫ್ಲುಕೋನಜೋಲ್ ಅನ್ನುವ ಶಿಲೀಂಧ್ರದ ಮದ್ದು ಶುರು ಮಾಡಿದ್ದಾರೆ. ತಿಂಗಳುಗಟ್ಟಲೆ ನುಂಗಬೇಕು. ತುಟಿ ಒಣಗಬಹುದು, ಕೂದಲು ಉದುರಬಹುದು ಅಂದಿದ್ದಾರೆ. ಉದುರಲಿ, ಮೆಟ್ಟಿಲು ಹತ್ತುವಷ್ಟು ಉಸಿರು ವಾಪಸ್ ಬಂದರೆ ಸಾಕು.

ಮಧ್ಯಾಹ್ನ ಇವರು ಮಾಸ್ಕ್ ಹಾಕಿಕೊಂಡು, ಮಣ್ಣಿಗೆ ಚೆನ್ನಾಗಿ ನೀರು ಚಿಮುಕಿಸಿ ಆ ಗುಂಡಿ ಮುಚ್ಚಿದರು. ನಾನು ಕಿಟಕಿ ಹಾಕಿಕೊಂಡು ಒಳಗಿಂದಲೇ ನೋಡಿದೆ. ನಿಂಬೆ ಗಿಡ ಇನ್ನೂ ಕುಂಡದಲ್ಲೇ ಇದೆ. ಎರಡು ಹೊಸ ಎಲೆ ಬಿಟ್ಟಿದೆ.