ಬೋರ್ಡಿನ ಮೇಲಿನ ಅಡಿಕೆ ಮರ

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ನಮಗೆ ಡೇಟಾ ಸ್ಟ್ರಕ್ಚರ್, ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಡುವ ರೀತಿಗಳನ್ನು, ಕಲಿಸಿದ ಟೀಚರ್. ಹೆಸರು ಹಾಕಬೇಡ ಎಂದಿದ್ದಾರೆ. ಹಾಗಾಗಿ ಟೀಚರ್ ಎಂದೇ ಬರೆಯುತ್ತೇನೆ. ಶಾಲೆಯ ಅಭ್ಯಾಸ ಬಿಡದೆ ಕಾಲೇಜಿನಲ್ಲೂ ನಾವು ಅವರನ್ನು ಹಾಗೇ ಕರೆಯುತ್ತಿದ್ದೆವು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕಾಲೇಜಿನಲ್ಲಿ ಪುಸ್ತಕವೆಲ್ಲ ಇಂಗ್ಲಿಷ್. ಮೊದಲ ಎರಡು ವಾರ ಒಂದೂ ತಲೆಗೆ ಹೋಗಲಿಲ್ಲ. ಟೀಚರ್‌ಗೆ ಅದು ಗೊತ್ತಾಯಿತು. ಅಂದಿನಿಂದ ಕನ್ನಡದಲ್ಲಿ ಒಮ್ಮೆ, ಮಲೆಯಾಳದಲ್ಲಿ ಒಮ್ಮೆ ಹೇಳತೊಡಗಿದರು. ಸ್ಟ್ಯಾಕ್ ಅಂದರೆ ಅಟ್ಟಿ, ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು. ಕ್ಯೂ ಅಂದರೆ ರೇಷನ್ ಅಂಗಡಿಯ ಸಾಲು. ಇವೆರಡಕ್ಕೆ ಒಂದು ದಿನ ಸಾಕಾಯಿತು.

ಟ್ರೀಗೆ, ಅಂದರೆ ಮಾಹಿತಿಯನ್ನು ಕೊಂಬೆ ಕೊಂಬೆಯಾಗಿ ಜೋಡಿಸುವ ಮರಕ್ಕೆ, ಮಾತ್ರ ಒಂದು ವಾರ ಹಿಡಿಯಿತು. ಬೈನರಿ ಸರ್ಚ್ ಟ್ರೀ ಎಂಬ ಮರದಲ್ಲಿ ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ ಹೋಗಬೇಕು; ಹೆಸರಾದರೆ ಅಕ್ಷರಮಾಲೆಯಲ್ಲಿ ಮೊದಲು ಬರುವುದೇ ಚಿಕ್ಕದು. ಹಾಜರಿ ಪುಸ್ತಕದಿಂದ ಹೆಸರು ಓದು ಎಂದು ನನಗೆ ಹೇಳಿ ಟೀಚರ್ ಬೋರ್ಡಿನಲ್ಲಿ ಬರೆಯುತ್ತಾ ಹೋದರು. ಹಾಜರಿ ಪುಸ್ತಕ ಅಕ್ಷರಮಾಲೆಯ ಕ್ರಮದಲ್ಲೇ ಇರುತ್ತದೆ, ಅಲ್ವಾ? ಪ್ರತಿ ಹೆಸರೂ ಹಿಂದಿನದರ ಬಲಕ್ಕೇ ಹೋಯಿತು. ಬೋರ್ಡಿನ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಒಂದೇ ಓರೆ ಗೆರೆ. ಟೀಚರ್ ಹಿಂದೆ ಸರಿದು ನಿಂತು ಹೇಳಿದರು: “ಇದು ಮರ ಹೌದು. ಆದರೆ ಅಡಿಕೆ ಮರ. ಕೊಂಬೆ ಎಲ್ಲಿದೆ?”

ಆಮೇಲೆ ಅದೇ ಹೆಸರುಗಳನ್ನು ಚೀಟಿಯಲ್ಲಿ ಬರೆಸಿ, ಕಲಸಿ, ಒಂದೊಂದೇ ಎತ್ತಿಸಿದರು. ಈ ಸಲ ಮರ ಎರಡೂ ಕಡೆ ಹರಡಿತು. ಚೆನ್ನಾಗಿ ಹರಡಿದ ಮರದಲ್ಲಿ ಹತ್ತು ಮಟ್ಟಕ್ಕೆ 1023 ಹೆಸರು ಹಿಡಿಯುತ್ತದೆ. ಅಂದರೆ ಯಾವ ಹೆಸರು ಹುಡುಕಿದರೂ ಹತ್ತು ಸಲ ಹೋಲಿಸಿದರೆ ಸಾಕು. ಅಡಿಕೆ ಮರವಾದರೆ ತುದಿಯ ಹೆಸರಿಗೆ 1023 ಸಲವೂ ಹೋಲಿಸಬೇಕು. ಮರ ತಾನಾಗಿಯೇ ಸಮತೋಲ ಮಾಡಿಕೊಳ್ಳುವ ಉಪಾಯವನ್ನು 1962ರಲ್ಲಿ ಸೋವಿಯತ್ ಒಕ್ಕೂಟದ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಕೊಟ್ಟರು. ಎವಿಎಲ್ ಮರ ಎನ್ನುವುದು ಅವರ ಹೆಸರಿನಿಂದಲೇ ಬಂದದ್ದು. ಪುಸ್ತಕದಲ್ಲಿ ಅದು ಸುಮ್ನೆ ಒಂದು ಪಾಠ. ಆ ಓರೆ ಗೆರೆ ನೋಡಿದ ಮೇಲೆ ನನಗೆ ಅದು ಯಾಕೆ ಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ನಮ್ಮೂರ ವಾಚನಾಲಯದ ಸದಸ್ಯರ ಪಟ್ಟಿ ತೆಗೆದುಕೊಂಡೆ. ಅವರವರು ಬರೆದುಕೊಟ್ಟ ಹಾಗೆ ಅರ್ಧ ಹೆಸರು ಕನ್ನಡದಲ್ಲಿ, ಅರ್ಧ ಮಲೆಯಾಳದಲ್ಲಿ. ಹೆಸರುಗಳನ್ನು ಅಂಥದ್ದೇ ಮರದಲ್ಲಿ ಇಡುವ ಪ್ರೋಗ್ರಾಂ ಅನ್ನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಓಡಿತು. ಪಟ್ಟಿ ತೆಗೆದರೆ ಕನ್ನಡದವರೆಲ್ಲ ಮೊದಲು, ಮಲೆಯಾಳದವರೆಲ್ಲ ಆಮೇಲೆ. ಮಲೆಯಾಳದ ಕಮಲ ಕನ್ನಡದ ಹರೀಶನಿಗಿಂತಲೂ ಕೆಳಗೆ. ವಾಚನಾಲಯದವರು ನೋಡಿ, “ಇದೆಂತ, ಎರಡು ಪಂಕ್ತಿ ಮಾಡಿದ್ದೀಯಲ್ಲ” ಎಂದರು. ಅವರು ಬೇಸರದಿಂದಲೇ ಹೇಳಿದ್ದು. ನಮ್ಮ ಊರಲ್ಲಿ ಆ ಮಾತು ನೋಯಿಸುತ್ತದೆ.

ತಪ್ಪು ಎಲ್ಲಿದೆ ಎಂದು ಟೀಚರ್ ಜೊತೆ ಕೂತು ನೋಡಿದೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ; ನನ್ನ ಪ್ರೋಗ್ರಾಂ ಹೋಲಿಸುತ್ತಿದ್ದದ್ದು ಆ ಸಂಖ್ಯೆಗಳನ್ನು. ಆ ಸಂಖ್ಯೆಗಳನ್ನು ಗೊತ್ತುಮಾಡುವ ಯೂನಿಕೋಡ್‌ನಲ್ಲಿ ಕನ್ನಡದ ‘ಕ’ ಸಂಖ್ಯೆ 3221, ಮಲೆಯಾಳದ ‘ಕ’ 3349. ವ್ಯತ್ಯಾಸ 128. ‘ಹ’ ತೆಗೆದುಕೊಂಡರೂ 128. ನಮ್ಮ ಲಿಪಿಗಳಿಗೆ ಯೂನಿಕೋಡ್ ಜಾಗ ಕೊಟ್ಟದ್ದು ಭಾರತದ ಲಿಪಿಗಳಿಗೆಂದೇ ಮಾಡಿದ್ದ ಹಳೆಯ ಇಸ್ಕಿ (ISCII) ಕ್ರಮ ಹಿಡಿದು. ಹಾಗಾಗಿ ಒಂದೇ ಅಕ್ಷರ ಎರಡೂ ಕಡೆ ಅದೇ ಜಾಗದಲ್ಲಿ ಕೂತಿದೆ. ಮಲೆಯಾಳದ ಸಂಖ್ಯೆಯಿಂದ 128 ಕಳೆದರೆ ಇಬ್ಬರು ಕಮಲರೂ ಒಂದೇ ಕಡೆ ಬರುತ್ತಾರೆ. ನನಗೆ ಅಂದು ಆದ ಸಂತೋಷ ಹೇಳತೀರದು.

ಆದರೆ ಹೆಸರು ಹೋಲಿಸುವ ಸಾಲನ್ನು ನಾನು ಹನ್ನೊಂದು ಕಡೆ ಬರೆದಿದ್ದೆ. ಸೇರಿಸುವಲ್ಲಿ, ಹುಡುಕುವಲ್ಲಿ, ಅಳಿಸುವಲ್ಲಿ, ಪ್ರಿಂಟ್ ಮಾಡುವಲ್ಲಿ. ತಿದ್ದಲು ಮೂರು ದಿನ ಹೋಯಿತು. ಎರಡು ಕಡೆ ಬಿಟ್ಟೂ ಹೋಗಿತ್ತು. ಟೀಚರ್ ಬೈಯಲಿಲ್ಲ. ಆರು ಪುಟದ ಒಂದು ಜೆರಾಕ್ಸ್ ಕೈಗಿಟ್ಟರು. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲಿ ಬರೆದ ಲೇಖನ. ಅದರ ಉದಾಹರಣೆಯೂ ಸಾಲುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸುವ ಒಂದು ಪ್ರೋಗ್ರಾಂ. ಕೆಲಸ ಯಾವ ಹಂತದಲ್ಲಿ ನಡೆಯುತ್ತದೆ ಎಂದು ನೋಡಿ ಪ್ರೋಗ್ರಾಂ ಭಾಗ ಮಾಡಬೇಡಿ, ಮುಂದೆ ಬದಲಾಗಬಹುದಾದ ನಿರ್ಧಾರ ಯಾವುದೋ ಅದನ್ನು ಒಂದು ಭಾಗದೊಳಗೆ ಅಡಗಿಸಿಡಿ ಎನ್ನುತ್ತಾರೆ ಅವರು. “ನಿನ್ನ ಪ್ರೋಗ್ರಾಮಿನಲ್ಲಿ ನಾಳೆ ಯಾವುದು ಬದಲಾಗಬಹುದು, ಹೇಳು” ಎಂದರು ಟೀಚರ್. ಹೆಸರು ಹೋಲಿಸುವ ರೀತಿ ಎಂದೆ. “ಹಾಗಾದರೆ ಅದು ಒಂದೇ ಕಡೆ ಇರಲಿ.”

ಹನ್ನೊಂದೂ ಕಿತ್ತು ಒಂದು ಫಂಕ್ಷನ್ ಮಾಡಿದೆ, ಅಂದರೆ ಒಂದೇ ಕಡೆ ಬರೆದು ಬೇಕಾದಲ್ಲೆಲ್ಲ ಕರೆಯುವ ತುಣುಕು. ಮರುದಿನವೇ ಅದರ ಬೆಲೆ ತಿಳಿಯಿತು. ಪಟ್ಟಿಯಲ್ಲಿ ಮಲೆಯಾಳದ ಕಮಲ ಇಲ್ಲ! ಎರಡು ಹೆಸರೂ ಸಮ ಎಂದು ಬಂದದ್ದರಿಂದ, ಇವರು ಆಗಲೇ ಇದ್ದಾರೆ ಎಂದು ಮರ ಅವರನ್ನು ಒಳಗೇ ಬಿಡಲಿಲ್ಲ. ಹೆಸರು ಒಂದೇ ಆದರೆ ಸದಸ್ಯ ಸಂಖ್ಯೆ ನೋಡು ಎಂದು ಆ ಫಂಕ್ಷನ್ನಿಗೆ ಎರಡು ಸಾಲು ಸೇರಿಸಿದೆ. ಇನ್ನೊಂದು ತೊಡಕೂ ಇತ್ತು. ಮೋಹನ್ ಎಂದು ಮಲೆಯಾಳದಲ್ಲಿ ಬರೆದರೆ ಕೊನೆಗೆ ಬರುವುದು ಚಿಲ್ಲು ಅಕ್ಷರ, ಅಂದರೆ ಸ್ವರವಿಲ್ಲದ ವ್ಯಂಜನಕ್ಕೆ ಆ ಲಿಪಿಯಲ್ಲಿರುವ ಬೇರೆ ರೂಪ. ಅದಕ್ಕೆ 2008ರಲ್ಲಿ ಬೇರೆಯೇ ಸಂಖ್ಯೆ ಕೊಟ್ಟಿದ್ದರು. 128 ಕಳೆದರೆ ಅಲ್ಲಿ ಕನ್ನಡದ ಅಕ್ಷರವೇ ಇಲ್ಲ. ಅದನ್ನು ‘ನ’ ಮತ್ತು ಅರ್ಧಾಕ್ಷರದ ಗುರುತು ಎಂದು ಬಿಡಿಸಿದೆ, ಅದೇ ಫಂಕ್ಷನ್ನಿನಲ್ಲಿ. ಎರಡೂ ಸೇರಿ ಅರ್ಧ ಗಂಟೆ.

ಪಟ್ಟಿಯನ್ನು ವಾಚನಾಲಯದ ಬಾಗಿಲಿಗೆ ಅಂಟಿಸಿದ ದಿನ ಟೀಚರ್ ಬಸ್ಸಿನಲ್ಲಿ ನಮ್ಮೂರಿಗೆ ಬಂದಿದ್ದರು. ಚಪ್ಪಲಿ ಕಳಚಿ ಜಗಲಿ ಹತ್ತಿ, ಮೇಲಿನಿಂದ ಒಂದೊಂದೇ ಹೆಸರು ಓದುತ್ತಾ ಬಂದು ‘ಕ’ದ ಹತ್ತಿರ ಬೆರಳು ನಿಲ್ಲಿಸಿದರು. ಒಬ್ಬ ಕಮಲನ ಕೆಳಗೆ ಇನ್ನೊಬ್ಬ ಕಮಲ.