ಬೆಟ್ಟ ಕಾಣಲಿಲ್ಲ

ಸುಮಾರು ಹದಿನೈದು ವರ್ಷಗಳ ಹಿಂದೆ ದಾವಣಗೆರೆಯ ಒಬ್ಬರು ಚಿತ್ರದುರ್ಗದ ನನ್ನ ಅಂಗಡಿಗೆ ಗೋಡೆ ಗಡಿಯಾರವೊಂದನ್ನು ರಿಪೇರಿಗೆ ತಂದರು. ಲೋಲಕ ಬಿಚ್ಚಿದಾಗ ಹಿಂಬದಿಯ ಹಲಗೆಗೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ್ದ ಒಂದು ಚಿತ್ರದ ಕಾರ್ಡು ಸಿಕ್ಕಿತು. ಅದರಲ್ಲಿದ್ದದ್ದು ಡಾರ್ಜಿಲಿಂಗ್‌ನಿಂದ ಕಾಣುವ ಕಾಂಚನಜುಂಗಾ. ಹಿಂದೆ ಏಳನೆಯ ಎಡ್ವರ್ಡ್ ದೊರೆಯ ತಲೆಯಿದ್ದ ಕಾಲಾಣೆ ಅಂಚೆಚೀಟಿ, ಅದರ ಪಕ್ಕದಲ್ಲಿ ಮಾಸಿದ ಕನ್ನಡ: "ಐದು ದಿನ ಇದ್ದೆವು. ಬರೀ ಮಂಜು, ಬೆಟ್ಟ ಕಾಣಲಿಲ್ಲ. ಅದಕ್ಕೇ ಈ ಚಿತ್ರ ಕಳಿಸಿದ್ದೇನೆ."

"ಗೆದ್ದಲು ತಿಂದ ತೂತು ಮುಚ್ಚಲು ನಮ್ಮಜ್ಜ ಇಟ್ಟಿರಬೇಕು, ನೀವೇ ಇಟ್ಟುಕೊಳ್ಳಿ ಸ್ವಾಮಿ" ಎಂದರು ಗಡಿಯಾರದವರು. ತೂತಿಗೆ ರಟ್ಟು ಅಂಟಿಸಿಕೊಟ್ಟೆ. ಈಗ ನನ್ನ ಬಳಿ ಇನ್ನೂರ ಹದಿನಾಲ್ಕು ಕಾರ್ಡುಗಳಿವೆ, ಎಲ್ಲವೂ ಬೆಟ್ಟಗಳವೇ. "ಕಲ್ಲಿನ ಊರಿನಲ್ಲಿದ್ದುಕೊಂಡು ಕಲ್ಲಿನ ಚಿತ್ರಕ್ಕೆ ದುಡ್ಡು ಸುರಿಯುತ್ತೀರಲ್ಲ ರೀ" ಎಂದು ಮನೆಯಾಕೆ ಮೊದಮೊದಲು ಗೊಣಗುತ್ತಿದ್ದಳು. ಈಗ ಗೊಣಗುವುದನ್ನೂ ಬಿಟ್ಟಿದ್ದಾಳೆ. ಅದೇ ನನಗೆ ಹೆಚ್ಚು ಭಯ.

ಕಾರ್ಡು ಕೈಗೆ ಬಂದರೆ ನಾನು ಮೊದಲು ನೋಡುವುದು ಬೆನ್ನನ್ನು. ಬೆನ್ನಿನ ನಡುವೆ ಗೆರೆ ಎಳೆದು, ಒಂದು ಕಡೆ ವಿಳಾಸ, ಇನ್ನೊಂದು ಕಡೆ ಒಕ್ಕಣೆ ಬರೆಯಲು ಬ್ರಿಟನ್ ಒಪ್ಪಿದ್ದು 1902ರಲ್ಲಿ. ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ. ಅದಕ್ಕೂ ಮೊದಲು ಬೆನ್ನೆಲ್ಲ ವಿಳಾಸಕ್ಕೇ ಮೀಸಲು. ಹೇಳಬೇಕಾದದ್ದನ್ನು ಚಿತ್ರದ ಅಂಚಿನಲ್ಲೋ, ಹಿಮದ ಬಿಳುಪಿನ ಮೇಲೋ ಗೀಚಬೇಕಿತ್ತು. ಆಲ್ಪ್ಸ್ ಶಿಖರದ ಮೇಲೆಯೇ "ಆರೋಗ್ಯವಾಗಿದ್ದೇವೆ" ಎಂದು ಬರೆದವರ ಕಾರ್ಡುಗಳು ನನ್ನಲ್ಲಿ ನಾಲ್ಕಿವೆ.

ಇಷ್ಟು ತಿಳಿಯುವ ಮೊದಲು ಒಮ್ಮೆ ಟೋಪಿ ಹಾಕಿಸಿಕೊಂಡೆ. "1899ರ ಮ್ಯಾಟರ್‌ಹಾರ್ನ್, ಅಸಲಿ ಫೋಟೊ" ಎಂದು ಆನ್‌ಲೈನ್ ವ್ಯಾಪಾರಿಯೊಬ್ಬ ಎಂಟುನೂರೈವತ್ತು ರೂಪಾಯಿ ಕಿತ್ತ. ಗಡಿಯಾರ ರಿಪೇರಿಯ ಭೂತಗನ್ನಡಿ, ಐ ಗ್ಲಾಸ್, ಕಣ್ಣಿಗೆ ಸಿಕ್ಕಿಸಿ ನೋಡಿದರೆ ಆಕಾಶದ ತುಂಬ ಸಾಲುಸಾಲು ಚುಕ್ಕೆ. ಅಸಲಿ ಫೋಟೊ ಕಾರ್ಡಿನಲ್ಲಿ ಮುದ್ರಣದ ಚುಕ್ಕೆ ಇರುವುದಿಲ್ಲ. ಹಳೆಯದಾದರೆ ಅದರ ಕಪ್ಪು ಭಾಗಗಳಲ್ಲಿ ಬೆಳ್ಳಿ ಮೇಲೆದ್ದು, ಓರೆಯಾಗಿ ಹಿಡಿದರೆ ನೀಲಿ ಮಿರುಗು ಕಾಣುವುದೂ ಉಂಟು. ಗಡಿಯಾರದೊಳಗಿನ ತೆಳು ಸುರುಳಿ ಹೇರ್‌ಸ್ಪ್ರಿಂಗಿನ ಕೂದಲೆಳೆಯ ಓರೆಯನ್ನು ದಿನವೂ ಹಿಡಿಯುವ ಕಣ್ಣಿಗೆ ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂಬುದೇ ನನ್ನ ಹೊಟ್ಟೆಯುರಿ. ಬೆನ್ನಿನ ಮೇಲೆ ನಡುಗೆರೆ ಬೇರೆ ಠೀವಿಯಿಂದ ಕೂತಿತ್ತು!

ಬಣ್ಣದವುಗಳಲ್ಲಿ ಜ್ಯೂರಿಕ್‌ನ ಫೋಟೊಗ್ಲೋಬ್ ಕಂಪನಿಯ ಕಾರ್ಡುಗಳೆಂದರೆ ನನಗೆ ಪ್ರಾಣ. ಕಪ್ಪು-ಬಿಳುಪು ನೆಗೆಟಿವ್ ಒಂದರಿಂದಲೇ ಬಣ್ಣಕ್ಕೊಂದರಂತೆ ಕಲ್ಲಚ್ಚು ಮಾಡಿ ಮುದ್ರಿಸುವ ಫೋಟೊಕ್ರೋಮ್ ವಿಧಾನ ಅವರದು. ಸಂಜೆಯ ಹಿಮಕ್ಕೆ ಎಷ್ಟು ಗುಲಾಬಿ ಹಾಕಬೇಕು ಎಂಬುದನ್ನು ಕ್ಯಾಮೆರಾ ಅಲ್ಲ, ಕಲ್ಲಿನ ಮುಂದೆ ಕುಳಿತ ಕುಶಲಕರ್ಮಿ ತೀರ್ಮಾನಿಸುತ್ತಿದ್ದ. ಕೆಲವೊಮ್ಮೆ ಅವನ ಕೈ ಸ್ವಲ್ಪ ಧಾರಾಳವಾಗಿರುತ್ತಿತ್ತು. ನನಗೇನೂ ಬೇಸರವಿಲ್ಲ, ನಾನೂ ಹಿಮ ಕಂಡವನಲ್ಲ.

ಸಂಗ್ರಹಕಾರರು ದೇಶ, ಶಿಖರ, ಪ್ರಕಾಶಕರ ಪ್ರಕಾರ ಜೋಡಿಸುತ್ತಾರೆ. ಬರೆಯದ, ಕಲೆಯಿಲ್ಲದ ಕಾರ್ಡಿಗೆ ಬಹಳ ಜನ ಹೆಚ್ಚು ಬೆಲೆ ಕೊಡುತ್ತಾರೆ. ನನಗೆ ಅಂಥವು ಬೇಡ. ನನ್ನಲ್ಲಿರುವುದು ಬರೆದವರ ಪ್ರಕಾರ ಮಾಡಿದ ಮೂರು ಡಬ್ಬಿ. ಒಂದರಲ್ಲಿ ಬೆಟ್ಟ ಕಂಡವರು. ಇನ್ನೊಂದರಲ್ಲಿ ಮಂಜಿನಿಂದಾಗಿ ಕಾಣದವರು. ಅವರು ಮೂವತ್ತೊಂದು ಜನ. ಜರ್ಮನ್, ಫ್ರೆಂಚ್ ಒಕ್ಕಣೆಗಳನ್ನು ಒಂದೊಂದೇ ಪದ ಬಿಡಿಸಿ ಮೊಬೈಲಿನಲ್ಲಿ ಅರ್ಥ ಹುಡುಕುತ್ತೇನೆ. ಒಂದು ಸಾಲಿಗೆ ಒಂದು ಭಾನುವಾರ ಹೋದದ್ದೂ ಇದೆ. ಆಷಾಢದ ಬೆಳಿಗ್ಗೆ ನಮ್ಮ ಜೋಗಿಮಟ್ಟಿಯೂ ಮೋಡದೊಳಗೆ ಮಾಯವಾದಾಗ ಈ ಡಬ್ಬಿಯನ್ನು ಅಂಗಡಿಗೇ ತಂದು ಕೂರುತ್ತೇನೆ. ಗಿರಾಕಿಗಳೂ ಆಗ ಕಡಿಮೆ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ಬೆಟ್ಟದ ಸುದ್ದಿಯನ್ನೇ ಎತ್ತದವರು. ಹೋದ ತಿಂಗಳು ಅದಕ್ಕೆ 1909ರ ಮುದ್ರೆಯಿದ್ದ ಇಂಟರ್‌ಲಾಕೆನ್ ಕಾರ್ಡೊಂದು ಸೇರಿತು. ಮುಂದೆ 4158 ಮೀಟರಿನ ಯುಂಗ್‌ಫ್ರೌ, ತುದಿಗೆ ಬಿಸಿಲು. ಹಿಂದೆ ಒಂದೇ ಸಾಲು: ಹಾಲಿನವನ ಲೆಕ್ಕ ಚುಕ್ತಾ ಮಾಡಿದೆಯಾ?